ಮಾರಿದ ಬಿಳಿ ಗಾಡಿ

ನಮ್ಮ ಬಿಲ್ಡಿಂಗಿನಲ್ಲಿ ಮೊದಲ ಸಲ ರಕ್ತ ಬಿದ್ದದ್ದು ಎವರೇಜಿನ ಮಾತಿಗೆ. ಯಾರ ಗಾಡಿ ಒಂದು ಲೀಟರಿಗೆ ಎಷ್ಟು ಓಡುತ್ತದೆ ಅನ್ನುವ ಮಾತು. ಓದಿದವರು, ಮನೆಯಲ್ಲಿ ದೇವರ ಪೂಜೆ ಮಾಡುವವರು, ಅಷ್ಟಕ್ಕೇ ಹೊಡೆದಾಡಿಕೊಂಡರು. ನಾನು ಮದುವೆಯಾಗಿ ಗದಗಿನ ಕಡೆಯಿಂದ ಪುಣೆಗೆ ಬಂದು ಆಗ ಮೂರು ತಿಂಗಳಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು.

ನಮ್ಮದು ನೆಲಮಹಡಿಯ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಪಾರ್ಕಿಂಗ್. ನಮ್ಮವರಿಗೆ ಭೋಸರಿಯಲ್ಲಿ ಸಣ್ಣದೊಂದು ಲೇಥ್ ವರ್ಕ್‌ಶಾಪ್ ಇತ್ತು. ಇಲ್ಲಿನ ದೊಡ್ಡ ಮೋಟಾರು ಕಂಪನಿಯೊಂದಕ್ಕೆ ಬುಶ್ ಅನ್ನುವ ಬಿಡಿಭಾಗ ಮಾಡಿಕೊಡುತ್ತಿದ್ದರು. ಆ ಕಂಪನಿ ಡೀಸೆಲ್ ಕಾರು ಮಾಡುತ್ತದಂತೆ ಅಂದಕೂಡಲೇ, ಅದರ ಮೂಗು ಬಾಲ ಯಾವ ಕಡೆಗಿದೆ ಎಂದು ನೋಡುವ ಮೊದಲೇ ಬುಕ್ ಮಾಡಿದವರು ಇವರು. ನಮ್ಮ ತಲೆಯ ಮೇಲಿನ ಮನೆಯಲ್ಲಿ ಧಾರವಾಡದ ಒಬ್ಬರು ಬ್ಯಾಂಕ್ ಆಫೀಸರ್ ಇದ್ದರು. ಅವರದು ಬಿಳಿಯ ಸಣ್ಣ ಪೆಟ್ರೋಲ್ ಕಾರು, ಬೇರೆ ಕಂಪನಿಯದು. ಅದನ್ನು ನಮ್ಮವರು ಡಬ್ಬಿ ಅನ್ನುತ್ತಿದ್ದರು. ನಮ್ಮದನ್ನು ಅವರು ಟ್ರ್ಯಾಕ್ಟರ್ ಅನ್ನುತ್ತಿದ್ದರು. ಪ್ರತಿ ರವಿವಾರ ಬೆಳಿಗ್ಗೆ ಇಬ್ಬರೂ ಬಕೆಟ್ ಹಿಡಿದು ಗಾಡಿ ತೊಳೆಯಲು ಇಳಿಯುವುದು, ಒಬ್ಬರ ಗಾಡಿಯ ಮೇಲೆ ಇನ್ನೊಬ್ಬರು ಉಗುಳುವುದೊಂದು ಬಾಕಿ, ಅಲ್ಲಿಯವರೆಗೆ ಜಗಳಾಡುವುದು. ಮುಗಿದ ಮೇಲೆ ಒಟ್ಟಿಗೆ ಕೂತು ನಾನು ಮಾಡಿದ ಅವಲಕ್ಕಿ ತಿನ್ನುವುದು. ಗಂಡಸರಿಗೆ ಇಂಥ ಗೆಳೆತನವೇ ರುಚಿ.

ಆ ರವಿವಾರ ಮಾತ್ರ ಮಾತು ಗೆರೆ ದಾಟಿತು.

"ನಾಲ್ಕ ಮಂದಿ ಕುಂತು ಕಾತ್ರಜ ಘಾಟ ಹತ್ತಬೇಕಂದ್ರ ನಿಮ್ಮ ಡಬ್ಬಿ ಏ.ಸಿ. ಬಂದ್ ಮಾಡಬೇಕ್ರಿ. ಅದೇನ್ ಪಿಕಪ್ಪು!" ಎಂದರು ನಮ್ಮವರು.

"ನಮ್ಮದು ಘಾಟ ಹತ್ತತದ್ರಿ, ನಿಮ್ಮದು ಗ್ಯಾರೇಜ್ ಹತ್ತತದ," ಎಂದರು ಬ್ಯಾಂಕಿನವರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನಿಮ್ಮಂಥಾವ್ರು ಬುಶ್ ಮಾಡಿ ಕೊಟ್ಟ ಮ್ಯಾಲೆ ಆ ಗಾಡಿ ಗಡಗಡ ಅನ್ನದಽ ಇರ್ತದೇನ್ರಿ?"

ಗಾಡಿಗೆ ಅಂದದ್ದನ್ನು ನಮ್ಮವರು ನುಂಗುತ್ತಿದ್ದರು. ಕೈಕೆಲಸಕ್ಕೆ ಅಂದದ್ದನ್ನು ನುಂಗಲಿಲ್ಲ. ಟಾಯರ್ ಬಿಚ್ಚುವ ಉದ್ದನೆಯ ಪಾನಾ ಕೈಯಲ್ಲೇ ಇತ್ತು. ಅದನ್ನೆತ್ತಿ ಬಿಳಿ ಗಾಡಿಯ ಬಾನೆಟ್ಟಿಗೆ ಬಡಿದರು. ತಗಡು ಒಳಗೆ ಕುಸಿಯಿತು. ಬ್ಯಾಂಕಿನವರು ಕಬ್ಬಿಣದ ಬಕೆಟ್ ಬೀಸಿ ನಮ್ಮವರ ಮುಖಕ್ಕೆ ಹೊಡೆದರು. ತುಟಿ ಹರಿದು ರಕ್ತ ಸೋಪಿನ ನೀರಿಗೆ ಬಿತ್ತು. ನಮ್ಮವರು ಅವರ ಕುತ್ತಿಗೆ ಹಿಡಿದು ಅದೇ ಕುಸಿದ ಬಾನೆಟ್ಟಿಗೆ ಒತ್ತಿದರು. ಮೇಲಿನಿಂದ ವೈನಿ, ಅಂದರೆ ಬ್ಯಾಂಕಿನವರ ಹೆಂಡತಿ, ಕೂಗುತ್ತ ಓಡಿಬಂದರು. ನಾನೂ ಅವರೂ ಸೇರಿ ಇಬ್ಬರನ್ನೂ ಎಳೆದು ಬಿಡಿಸಿದೆವು.

"ಇನ್ನೊಮ್ಮೆ ಎದುರಿಗೆ ಬಾ," ಎಂದು ನಮ್ಮವರು ಇಡೀ ಬಿಲ್ಡಿಂಗಿಗೆ ಕೇಳುವಂತೆ ಒದರಿದರು, "ಡಬ್ಬೀನೂ ಒಡೀತೇನಿ, ನಿನ್ನೂ ಒಡೀತೇನಿ!"

ಮನೆಗೆ ಬಂದು ತುಟಿಗೆ ಅರಿಸಿನ ಹಚ್ಚುವಾಗ ಬೇಕೆಂದೇ ಒತ್ತಿ ಹಚ್ಚಿದೆ. ಅವರು ಹಾ ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು.

ಗಂಡಸರ ಮಾತು ಅಲ್ಲಿಗೆ ನಿಂತಿತು. ವೈನಿ ಮತ್ತು ನಾನು ಮಾತ್ರ ಹಿಂದಿನ ಮೆಟ್ಟಿಲ ಮೇಲೆ ದಿನಾ ಮಧ್ಯಾಹ್ನ ಕೂಡುತ್ತಿದ್ದೆವು. ಆ ಊರಲ್ಲಿ ನನ್ನ ಕನ್ನಡ ಕೇಳುವ ಹೆಂಗಸು ಅವರೊಬ್ಬರೇ. ಮರಾಠಿಯನ್ನು ನಾನು ಯಾರಿಂದಲೂ ಕಲಿಯಲಿಲ್ಲ, ನಾನೇ ಒಂದು ಉಪಾಯ ಕಂಡುಕೊಂಡಿದ್ದೆ. ಕನ್ನಡದ ಮಾತು ಹಿಡಿದು ಅದರ ಬಾಲಕ್ಕೆ ‘ಲಿ’ ಹಚ್ಚಿಬಿಡುವುದು. ಪಾತ್ರೆ ತೊಳೆದೆ ಅನ್ನಬೇಕಾದಾಗ "ಭಾಂಡಿ ತೊಳಲಿ" ಅಂದರೆ ಕೆಲಸದ ಹೆಂಗಸು ಹೊಟ್ಟೆ ಹಿಡಿದು ನಗುತ್ತಿದ್ದಳು, ಆದರೆ ತಿಳಿದುಕೊಳ್ಳುತ್ತಿದ್ದಳು. ವೈನಿ ಎಷ್ಟೋ ಸಲ ತಿದ್ದಿದರು. ನಾನು ಜಾಣೆ ಅನ್ನುವ ಸೊಕ್ಕು ನನಗಿತ್ತು, ಕೇಳಲಿಲ್ಲ.

ಹೀಗೇ ಐದು ತಿಂಗಳು ಹೋದವು. ಒಂದು ಶುಕ್ರವಾರ ಮಧ್ಯಾಹ್ನ ವೈನಿ ಮೆಟ್ಟಿಲ ಮೇಲೆ ಕೂತವರೇ ನನ್ನ ಕೈ ಹಿಡಿದರು.

"ಯಾರ ಮುಂದೂ ಅನಬ್ಯಾಡ. ಇವತ್ತ ಮುಂಜಾನೆ ಬಿಳಿ ಗಾಡಿ ಮಾರಿಬಿಟ್ರು. ನಿಮ್ಮವರ ಕಂಪನೀದಽ ಗಾಡಿ ಬುಕ್ ಮಾಡ್ಯಾರ. ರವಿವಾರ ಸಿಗ್ತದ. ಮೊದಲ ಜೇಜುರಿ ಗುಡಿಗೆ ಒಯ್ದು ಭಂಡಾರ ಹಾಕಿಸಿ, ಸೀದಾ ತಂದು ನಿಮ್ಮ ಗಾಡಿ ಬಾಜೂ ನಿಲ್ಲಸ್ತಾರಂತ. ತಪ್ಪಾತು ಅಂತ ಬಾಯಿಲೆ ಹೇಳಾಕ ಅವರಿಗೆ ಬರೂದಿಲ್ಲವ್ವಾ. ಗಾಡೀಲೆ ಹೇಳ್ತಾರಂತ."

ನನಗೆ ಕಣ್ಣಲ್ಲಿ ನೀರು ಬಂತು. ಅರಿಸಿನದ ಭಂಡಾರ ಮೆತ್ತಿಕೊಂಡ ಆ ಗಾಡಿ ನಮ್ಮ ಗಾಡಿಯ ಪಕ್ಕದಲ್ಲಿ ನಿಂತದ್ದು, ನಮ್ಮವರು ಬಾಯಿ ತೆರೆದು ನೋಡುವುದು ಎಲ್ಲ ಆಗಲೇ ಕಣ್ಣ ಮುಂದೆ ಬಂತು. ಆ ರಾತ್ರಿ ಗುಟ್ಟು ಹೊಟ್ಟೆಯೊಳಗೆ ಒದ್ದಾಡಿದರೂ ಗಂಡನ ಮುಂದೆ ಬಾಯಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತಿದ್ದೆ. ನಮ್ಮವರು ಹಿಂಭಾಗದಲ್ಲಿ ಪಂಕ್ಚರ್ ಆದ ಟಾಯರ್ ಬಿಚ್ಚುತ್ತಿದ್ದರು. ಏಳೆಂಟು ಜನ ಗೇಟಿನೊಳಗೆ ಬಂದರು. ಒಬ್ಬನ ಕೈಯಲ್ಲಿ ಚೀಟಿ, ಅದರಲ್ಲಿ ಬಿಳಿ ಗಾಡಿಯ ನಂಬರು. ಗಾಡಿಯ ಗಾಜಿಗೆ ನಮ್ಮ ಬಿಲ್ಡಿಂಗಿನ ಹೆಸರಿನ ಸ್ಟಿಕರ್ ಇತ್ತು, ಮಾರುವಾಗ ಬ್ಯಾಂಕಿನವರು ಅದನ್ನು ಕೆರೆದು ತೆಗೆದಿರಲಿಲ್ಲ. ಅದನ್ನು ನೋಡಿದವರು ವಿಳಾಸ ಹೇಳಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ತಿಳಿದದ್ದು, ಗಾಡಿ ಕೊಳ್ಳಲು ಬಂದವರು ಪಾಪ, ತಡ ಮಾಡಿ ಬಂದಿದ್ದಾರೆ ಎಂದು.

"ಹೀ ಗಾಡಿ ಕುಣಾಚಿ?" ಎಂದ ಚೀಟಿಯವನು, ನಂಬರು ತೋರಿಸಿ. ಯಾರದು ಈ ಗಾಡಿ?

"ವರಚ್ಯಾ ಸಾಹೇಬಾಂಚಿ," ಎಂದೆ. ಮೇಲಿನ ಸಾಹೇಬರದು. ಹೊಟ್ಟೆಯಲ್ಲಿದ್ದ ಗುಟ್ಟು ಬಾಯಿಗೆ ಬಂದೇಬಿಟ್ಟಿತು. "ಕಾಲ ಮಾರಲಿ."

ಅವನು ಕಿಟಕಿಯ ಸರಳು ಹಿಡಿದ. "ತ್ಯಾಂನೀಚ ಮಾರಲಿ?"

"ಹೋ, ತ್ಯಾಂನೀಚ ಮಾರಲಿ!" ಎಂದು ನಾನು ನಕ್ಕೆ.

ನಿನ್ನೆ ಮಾರಿದರು, ಅವರೇ ಮಾರಿದರು ಎಂದು ನಾನು ಹೇಳಿದ್ದು. ಮರಾಠಿಯಲ್ಲಿ ಮಾರುವುದಕ್ಕೆ ‘ವಿಕಲಿ’ ಅನ್ನಬೇಕು. ‘ಮಾರಲಿ’ ಅಂದರೆ ಹೊಡೆದದ್ದು. ಕೊಳ್ಳುವ ಮರಾಠಿಯನ್ನು ಸಂತೆಯಲ್ಲಿ ಕಲಿತಿದ್ದೆ, ಮಾರುವ ಮರಾಠಿ ನನಗೆ ಯಾವತ್ತೂ ಬೇಕಾಗಿರಲಿಲ್ಲ. ಹಿಂದಿನ ಸಂಜೆ ಸ್ವಾರಗೇಟಿನಲ್ಲಿ ಆ ಬಿಳಿ ಗಾಡಿ ಹೂ ಮಾರುವ ಮುದುಕಿಯೊಬ್ಬಳ ಕಾಲ ಮೇಲೆ ಹರಿದು, ನಿಲ್ಲದೆ ಓಡಿಹೋಗಿತ್ತು. ಬಂದವರು ಅವಳ ಮಕ್ಕಳು, ಓಣಿಯ ಜನ. ಯಾರು ಗುದ್ದಿದವರು ಎಂದು ಅವರು ಕೇಳಿದ್ದರು, ಮೇಲಿನ ಸಾಹೇಬರೇ ಎಂದು ನಾನು ನಗುನಗುತ್ತ ಹೇಳಿದ್ದೆ. ಆ ನಗೆ ನೆನಪಾದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನಿಸುತ್ತದೆ.

ಅವರು ಮೆಟ್ಟಿಲೇರಿದ ಸಪ್ಪಳ ಕೇಳಿತು. ಬಾಗಿಲು ಒದ್ದ ಸಪ್ಪಳ, ವೈನಿಯ ಕೂಗು. ಬ್ಯಾಂಕಿನವರನ್ನು ಬನಿಯನ್ನಿನಲ್ಲೇ ಎಳೆದು ತಂದರು. ಒಂದು ಕಾಲು ಒಬ್ಬನ ಕೈಯಲ್ಲಿತ್ತು, ತಲೆ ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿಯುತ್ತ ಇಳಿಯಿತು. ಪಾರ್ಕಿಂಗಿನಲ್ಲಿ ಹಾಕಿ ತುಳಿದರು. ಹೊಟ್ಟೆಗೆ, ಮುಖಕ್ಕೆ, ಎಲ್ಲೆಂದರಲ್ಲಿ. ಗಾಡಿ ತೊಳೆಯುವ ಅದೇ ಬಕೆಟ್ಟಿನಿಂದ ಒಬ್ಬ ಕಿವಿಯ ಮೇಲೆ ಬಡಿದ. ಅವರು ಒಳ್ಳೆಯ ಮರಾಠಿಯಲ್ಲಿ "ವಿಕಲಿ, ವಿಕಲಿ" ಎಂದು ಕೂಗುತ್ತಿದ್ದರು. ಬಾಯಿ ತುಂಬ ರಕ್ತ, ಯಾರಿಗೂ ಅದು ಮಾತಾಗಿ ಕೇಳಲಿಲ್ಲ. ನನಗೆ ಕೇಳಿತು. ನನ್ನ ತಪ್ಪು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಕೈಯಲ್ಲಿನ ಮೊರ ಬಿದ್ದು ಅಕ್ಕಿ ನೆಲದ ತುಂಬ ಹರಡಿತು. ನಾನು ಕೂಗಲಿಲ್ಲ, ಕದಲಲಿಲ್ಲ.

ನಮ್ಮವರು ಹಿಂದಿನಿಂದ ಪಾನಾ ಹಿಡಿದು ಓಡಿಬಂದರು. ಐದು ತಿಂಗಳು ಮುಖ ನೋಡದ ಮನುಷ್ಯನಿಗಾಗಿ ಬಂದರು. ಮೊದಲನೆಯವನ ಭುಜಕ್ಕೆ ಬಡಿದರು, ಎರಡನೆಯವನ ಮೊಣಕೈ ಮುರಿದರು, ಆ ಎಲುಬಿನ ಸಪ್ಪಳ ಒಳಗಿದ್ದ ನನಗೂ ಕೇಳಿತು. ಬಿದ್ದಿದ್ದ ಬ್ಯಾಂಕಿನವರ ಆಚೆ ಈಚೆ ಕಾಲಿಟ್ಟು, ಪಾನಾ ಮೇಲೆತ್ತಿ ನಿಂತರು.

"ಖಾಲಚ್ಯಾ ಘರಾತ ಸಾಂಗಿತಲಂ, ಯಾನೇಚ ಮಾರಲಿ ಮ್ಹಣೂನ!" ಎಂದು ಚೀಟಿಯವನು ಕಿರುಚಿದ. ಕೆಳಗಿನ ಮನೆಯಲ್ಲೇ ಹೇಳಿದರು, ಇವನೇ ಗುದ್ದಿದ್ದು ಎಂದು.

ಕೆಳಗಿನ ಮನೆ ಅಂದರೆ ನಮ್ಮದು. ಬ್ಯಾಂಕಿನವರು ಒಂದು ಕಣ್ಣು ತೆರೆದು ಮೇಲೆ ನೋಡಿದರು. ಅವರಿಗೂ, ಆಗಷ್ಟೇ ಓಡಿಬಂದ ಬಿಲ್ಡಿಂಗಿನವರಿಗೂ ಕಂಡದ್ದು ನಮ್ಮವರು, ನಮ್ಮವರ ಕೈಯಲ್ಲಿ ಎತ್ತಿದ ಅದೇ ಪಾನಾ.

ಪೊಲೀಸರು ಬಂದು ಬಿಡಿಸಿದರು. ಸಂಜೆಯೊಳಗೆ ಗಾಡಿ ಮಾರಿದ ಕಾಗದ ಅವರಿಗೆ ಸಿಕ್ಕಿತು, ಎರಡು ದಿನಕ್ಕೆ ಕೊಂಡವನೂ ಸಿಕ್ಕ. ಮುದುಕಿಯ ಕಾಲು ಹೋಯಿತು. ಬ್ಯಾಂಕಿನವರ ಬಲಗಿವಿ ಹೋಯಿತು. ಜನರನ್ನು ಛೂ ಬಿಟ್ಟವರು ನಮ್ಮವರೇ ಎಂದು ಇಡೀ ಬಿಲ್ಡಿಂಗ್ ತೀರ್ಮಾನಿಸಿತು. ಒಡೀತೇನಿ ಅಂದದ್ದನ್ನು ಎಲ್ಲರೂ ಕೇಳಿದ್ದರಲ್ಲ. ತಾವು ಹೇಳಿದ್ದಲ್ಲ ಎಂದು ನಮ್ಮವರು ಒಮ್ಮೆಯಾದರೂ ಅನ್ನಲಿ ಎಂದು ಕಾದೆ. ಅವರು ಅನ್ನಲಿಲ್ಲ. ನಾನು ಹೇಳಿದೆ ಎಂದು ನಾನೂ ಅನ್ನಲಿಲ್ಲ.

ಬ್ಯಾಂಕಿನವರು ಆಸ್ಪತ್ರೆಯಿಂದ ಬಂದವರು ಮೊದಲು ಮಾಡಿದ ಕೆಲಸ ಬುಕಿಂಗ್ ರದ್ದು ಮಾಡಿಸಿದ್ದು. ಮತ್ತೆ ತಮ್ಮ ಹಳೆಯ ಕಂಪನಿಯ ಅಂಥದೇ ಬಿಳಿ ಡಬ್ಬಿ ತಂದು ನಮ್ಮ ಗಾಡಿಯ ಪಕ್ಕ ನಿಲ್ಲಿಸಿದರು. ನಮ್ಮವರು ಬೆಳಿಗ್ಗೆ ಎದ್ದು ಅದನ್ನು ನೋಡಿ ತಮ್ಮ ಬಕೆಟ್ ಎತ್ತಿಕೊಂಡು ಒಳಗೆ ಬಂದರು. ಆಮೇಲೆ ಒಂಬತ್ತು ವರ್ಷ ಆ ಎರಡು ಗಾಡಿಗಳು ಪಕ್ಕಪಕ್ಕ ನಿಂತವು, ಇಬ್ಬರು ಗಂಡಸರು ಬೇರೆ ಬೇರೆ ಹೊತ್ತಿಗೆ ಇಳಿದು ತೊಳೆದರು.

ವೈನಿ ಮಾತ್ರ ನನ್ನ ಕೈ ಬಿಡಲಿಲ್ಲ. "ನಿಂದೇನ ತಪ್ಪದ ಇದರಾಗ? ಅಂಥಾವನ್ನ ಕಟಗೊಂಡಿ, ಏನ್ ಮಾಡ್ತಿ," ಅನ್ನುತ್ತಿದ್ದರು. ನನ್ನ ಬಾಣಂತನದಲ್ಲಿ ಮಗಳಿಗೆ ಎರೆದವರು ಅವರು, ನನಗೆ ಅಂಟಿನುಂಡೆ ಕಟ್ಟಿಕೊಟ್ಟವರು ಅವರು. ಎರೆಯುತ್ತ ನಮ್ಮವರಿಗೆ ಶಾಪ ಹಾಕುತ್ತಿದ್ದರು. ನಾನು ಅಂಟಿನುಂಡೆ ತಿನ್ನುತ್ತ ಕೇಳುತ್ತಿದ್ದೆ. ನನ್ನಂಥ ಹೇಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷ ಕಳೆದಿದ್ದವು. ಡೀಸೆಲ್ ಗಾಡಿಗೆ ವಯಸ್ಸಾಗಿ ಹೊಗೆ ಕಾರುತ್ತಿತ್ತು. ಒಂದು ದಿನ ನಮ್ಮವರು ಬರಿಗೈಲಿ ನಡೆದುಕೊಂಡು ಬಂದರು.

"ಗಾಡಿ ಮಾರಿದ್ರೇನ್ರಿ?" ಎಂದೆ.

ಅವರು ಚಪ್ಪಲಿ ಬಿಡುತ್ತ, ನನ್ನ ಕಡೆ ನೋಡದೆ, "ವಿಕಲಿ ಅನ್ನು. ಮಾರಲಿ ಅಂದ್ರ ಮಂದಿ ಬರ್ತಾರ," ಎಂದರು.

"ಯಾವಾಗಿಂದ ಗೊತ್ತದ ನಿಮಗ?"

"ಆವತ್ತಿಂದನಽ. ನಾ ಹೇಳಿಲ್ಲಂದ್ರ ಮನ್ಯಾಗ ಇನ್ಯಾರಿದ್ರು?"

"ಯಾಕ ಹೇಳಲಿಲ್ರಿ ಯಾರ ಮುಂದೂ?"

"ನನ್ನ ಮಾರಿ ಅವರು ಹೆಂಗೂ ನೋಡ್ತಿದ್ದಿಲ್ಲ. ನಿನ್ನ ಮಾರೀನೂ ನೋಡೂದ ಬಿಟ್ಟಿದ್ರ, ಈ ಊರಾಗ ನಿನಗ ಯಾರಿದ್ರು ಆ ವೈನಿ ಬಿಟ್ಟು?"

ನಾನು ಅಳಲಿಲ್ಲ. ಸಿಟ್ಟು ಬಂತು, ಅವರ ಮೇಲೆ, ಅದಕ್ಕಿಂತ ನನ್ನ ಮೇಲೆ. ಸೆರಗಿಗೆ ಕೈ ಒರೆಸಿಕೊಂಡು ಸೀದಾ ಮೇಲೆ ಹತ್ತಿದೆ. ಬ್ಯಾಂಕಿನವರು ಪೇಪರ್ ಓದುತ್ತಿದ್ದರು, ವೈನಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಬ್ಯಾಂಕಿನವರ ಒಳ್ಳೆಯ ಕಿವಿಯ ಕಡೆ ಹೋಗಿ ನಿಂತೆ. ಕಿಟಕಿ, ಚೀಟಿ, ನಾನು ಅಂದ ಆ ಒಂದು ಮಾತು, ನಕ್ಕದ್ದು, ಎಲ್ಲವನ್ನೂ ಹೇಳಿದೆ.

ಬ್ಯಾಂಕಿನವರು ಪೇಪರ್ ಮಡಚಿಟ್ಟು ಕೇಳಿದರು, "ಹಂಗಾರ ಆ ಪಾನಾ... ಆ ಮಂದಿ ಮ್ಯಾಲೆ ಎತ್ತಿದ್ದೇನು?"

"ಹೌದ್ರಿ. ನಿಮ್ಮ ಮ್ಯಾಲಲ್ಲ."

ವೈನಿ ಹುಣಸೆಯ ಕೈ ಹಾಗೇ ಹಿಡಿದು ನನ್ನ ಮುಖ ನೋಡಿದರು. "ನನ್ನ ಕಡಿಂದ ಕೂಸಿಗೆ ಎರಿಸಿಕೊಂಡೆಲ್ಲ," ಎಂದರು, "ನನ್ನ ಬಾಯಿಲೆ ನಿನ್ನ ಗಂಡಗ ಬೈಸಿದೆಲ್ಲ. ಇನ್ನ ಈ ಹೊಸ್ತಿಲಾ ಹತ್ತಬ್ಯಾಡ."

ಮುಂದಿನ ರವಿವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕಿರುಚಾಟ ಕೇಳಿ ಕಿಟಕಿಗೆ ಓಡಿದೆ. ಬ್ಯಾಂಕಿನವರು ತಮ್ಮ ಬಿಳಿ ಗಾಡಿಗೆ ಒರಗಿ ನಿಂತಿದ್ದರು. ನಮ್ಮವರು ಗಾಡಿಯಿಲ್ಲದೆ, ಅವರದೇ ಬಕೆಟ್ ಹಿಡಿದು ನಿಂತಿದ್ದರು. ಬಲಗಿವಿ ಕೇಳದ ಮನುಷ್ಯನಿಗೆ ಕೇಳಲೆಂದು ಗಂಟಲು ಹರಿಯುವಂತೆ ಒದರುತ್ತಿದ್ದರು.

"ಈಗರೆ ಬುದ್ಧಿ ಕಲೀರಿ, ಈ ಸಲ ನಮ್ಮ ಕಂಪನೀದು ತಗೋರಿ!" ಎಂದರು ಬ್ಯಾಂಕಿನವರು.

"ಆ ಡಬ್ಬ್ಯಾಗ ಕುಂತು ನಾ ಎಲ್ಲಿಗೆ ಹೋಗ್ಲಿರಿ? ಎವರೇಜ್ ಎಷ್ಟ ಕೊಡ್ತದ, ಅದನ್ನ ಹೇಳ್ರಿ ಮೊದಲ!"

ಅವಲಕ್ಕಿ ಮಾಡಿ ಎರಡು ತಾಟು ಹೊರಗೆ ಕೊಟ್ಟೆ. ವೈನಿಗೆಂದು ಇನ್ನೊಂದನ್ನು ಮುಚ್ಚಿಕೊಂಡು ಹೋಗಿ ಹಿಂದಿನ ಮೆಟ್ಟಿಲ ಮೇಲೆ ಕೂತೆ. ಮಧ್ಯಾಹ್ನದವರೆಗೆ ಕೂತಿದ್ದೆ. ಮೇಲೆ ವೈನಿ ಓಡಾಡುವ ಸಪ್ಪಳ ಕೇಳುತ್ತಿತ್ತು, ಬಾಗಿಲು ತೆರೆಯಲಿಲ್ಲ.