ಟಾಕಿಯ ಕೆಳಗಿನ ಕೋಣೆ

ಈ ವರ್ಷ ಯುಗಾದಿಯ ಮರುದಿನ ಬೆಳಿಗ್ಗೆ, ಸಾಲೋಟಗಿಯ ಅಕ್ಕನ ಮನೆಯ ಮಾಳಿಗೆಯ ಮೇಲೆ ನಾನೂ ಭಾವನೂ ನೀರಿನ ಟಾಕಿಯನ್ನು ಎದೆಯೆತ್ತರದ ಇಟ್ಟಿಗೆ ಕಟ್ಟೆಗೆ ಏರಿಸಿದೆವು. ಬಚ್ಚಲಿನ ಶವರ್‌ಗೆ ಫೋರ್ಸ್ ಬರಲಿ ಎಂಬುದು ಉದ್ದೇಶ.

ಅಕ್ಕನಿಗೆ ಹೋದ ವರ್ಷ ಲಕ್ವಾ ಹೊಡೆದಿತ್ತು. ಈಗ ನಡೆಯುತ್ತಾಳೆ, ಮಾತು ನೆಟ್ಟಗಿದೆ. ಬಲಗೈ ಏಳುವುದಿಲ್ಲ, ಎಡಗೈಯಲ್ಲಿ ತಂಬಿಗೆಯನ್ನು ತಲೆಯವರೆಗೆ ಎತ್ತಿದರೆ ಸಮತೋಲ ತಪ್ಪುತ್ತದೆ. ಹೀಗಾಗಿ ಅವಳ ಸೊಸೆಯೇ ಮೈ ತೊಳೆಯುತ್ತಿದ್ದಳು. ಸೊಸೆ ಬೇಸರಪಟ್ಟವಳಲ್ಲ, ಬೇಸರ ಅಕ್ಕನದು. ಬಾಗಿಲು ಹಾಕಿಕೊಂಡು ಒಬ್ಬಳೇ ಜಳಕ ಮಾಡಬೇಕು ಎಂಬುದೊಂದನ್ನೇ ಅವಳು ಕೇಳಿದ್ದು. ಶವರ್ ಕೂಡಿಸಿದೆವು. ನೀರು ತೊಟ್ಟಿಕ್ಕಿತು.

“ತಮ್ಮಾ, ಇದೇನ್ ನೀರೋ ಕಣ್ಣೀರೋ?” ಎಂದಳು.

“ನಿನ್ನ ಕಣ್ಣೀರಿಗೆ ಇದಕ್ಕಿಂತ ಫೋರ್ಸ್ ಐತಿ ಬಿಡು,” ಎಂದರು ಭಾವ.

ಬೋರಿನ ನೀರು ಸವಳು. ಶವರಿನ ತೂತುಗಳಿಗೆ ಬೇಗನೆ ಸುಣ್ಣ ಕಟ್ಟಿತು. ತೋಟದ ಲಿಂಬೆಯ ರಸದಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿದೆ. ಅರ್ಧ ಇಂಚಿನ ಪೈಪು ಕಿತ್ತು ಒಂದಿಂಚಿನದು ಹಾಕಿದೆ. ಸಾಲಲಿಲ್ಲ. ಮೋಟರ್ ಕೂಡಿಸೋಣ ಎಂದೆ.

“ಕರೆಂಟ್ ಹೋದ್ರ ಮೈಗೆಲ್ಲ ಸಬಕಾರ ಹಚ್ಕೊಂಡು ಕುಂದರ್ಲೇನು?” ಎಂದಳು ಅಕ್ಕ.

ಉಳಿದದ್ದು ಎತ್ತರ. ಟಾಕಿ ಎಷ್ಟು ಮೇಲೋ ನೀರಿಗೆ ಅಷ್ಟು ಒತ್ತಡ. ಅಲ್ಲಿಯವರೆಗೆ ಅದು ಕಲ್ಲಿನ ಗೋಡೆಯ ನೆತ್ತಿಯ ಮೇಲೆ ಕುಳಿತಿತ್ತು. ಹೊಸ ಕಟ್ಟೆಗೆ ಗೋಡೆಯ ಅಗಲ ಸಾಲದೆ ಅರ್ಧ ಭಾಗ ಒಳಗೆ, ಅಕ್ಕ ಮಲಗುವ ಕೋಣೆಯ ಮೇಲೆ ಬಂತು. ಅದು ಮಣ್ಣಿನ ಮಾಳಿಗೆ. ಕೆಳಗೆ ಬೇವಿನ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಪ್ರತಿ ಮಳೆಗಾಲದ ಮುಂಚೆ ಹರಡುತ್ತ ಬಂದ ಬಿಳಿ ಮಣ್ಣು.

“ಮಣ್ಣು ಹಾಕೂವಾಗ ಹತ್ತು ಮಂದಿ ನಿಂತಿರ್ತೇವಿ. ಇದೇನ್ ಮಹಾ ಭಾರ?” ಎಂದರು ಭಾವ. ನಾನೂ ಒಪ್ಪಿದೆ. ಹತ್ತು ಮಂದಿ ಸಂಜೆಗೆ ಇಳಿದುಹೋಗುತ್ತಾರೆ. ಟಾಕಿ ಇಳಿಯುವುದಿಲ್ಲ.

ಅಂದು ಅಕ್ಕ ಬಚ್ಚಲಿನ ಬಾಗಿಲು ಹಾಕಿಕೊಂಡಳು. ಒಳಗೆ ನೀರು ಸುರಿಯುವ ಸದ್ದು ಕೇಳಿತು. ಸೊಸೆ ಟಾವೆಲ್ ಹಿಡಿದು ಹೊರಗೆ ನಿಂತಿದ್ದಳು.

“ನೀ ಯಾಕ ಕಾವಲ ನಿಂತೀಯವ್ವಾ? ಹೋಗು, ರೊಟ್ಟಿ ಬಡಿ,” ಎಂದಳು ಅಕ್ಕ ಒಳಗಿನಿಂದಲೇ.

ಮುಂದಿನ ಸಲ ನಾನು ಇಂಡಿಯ ನನ್ನ ಮನೆಯಿಂದ ಹೋದಾಗ ಅವಳ ಮಂಚ ಆಚೆಯ ಗೋಡೆಗೆ ಸರಿದಿತ್ತು. ಕಿಟಕಿಯಿಂದ ಝಳ ಹೊಡೆಯುತ್ತದೆ ಎಂದಳು. ಕುಳಿತುಕೊಳ್ಳಲೆಂದು ಕೌದಿ ಸರಿಸಿದೆ. ಮಡಿಕೆಯಿಂದ ಬಿಳಿ ಮಣ್ಣು ಉದುರಿತು. ತಲೆಯೆತ್ತಿ ನೋಡಿದೆ. ತೊಲೆ ನಡುವೆ ಬಾಗಿತ್ತು, ಬೆರಳು ತೂರುವಷ್ಟು ಸೀಳು ಬಿಟ್ಟಿತ್ತು.

“ಯಾವಾಗಿನಿಂದ ಉದರಾಕತ್ತೈತಿ?”

“ದಿನಾ ಎಡಗೈಲೆ ಝಾಡಿಸ್ತೇನಿ. ನಿಮ್ಮ ಭಾವಗ ಹೇಳಬ್ಯಾಡ. ಟಾಕಿ ಇಳಿಸಿಬಿಡ್ತಾರ.”

“ಮೈಮ್ಯಾಲ ಬಿದ್ರ?”

“ಬಿದ್ರ ಬೀಳ್ಲಿ. ಜಳಕಾ ಮಾಡ್ಕೊಂಡ ಹೋಗ್ತೇನಿ.”

ನಾನು ಹೊರಗೆ ಬಂದು ಭಾವನಿಗೆ ಹೇಳಿದೆ. ಅವರು ಮಾಳಿಗೆ ಹತ್ತಿ, ಪೈಪು ಬಿಚ್ಚಿ, ಟಾಕಿ ಖಾಲಿ ಮಾಡಿದರು. ನೀರು ಅಂಗಳಕ್ಕೆ ಸುರಿದು ಮುಗಿಯುವವರೆಗೂ ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ.

ಗೌಂಡಿ ಬಂದು ತೊಲೆಗೆ ಜಾಲಿ ಮರದ ಕಂಬದ ಆಸರೆ ಕೊಟ್ಟಿದ್ದಾನೆ. ಟಾಕಿಯನ್ನು ಅಂಗಳದಲ್ಲೇ ಎತ್ತರಕ್ಕೆ ನಿಲ್ಲಿಸಲು ಸಿಂದಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಲು ಹೇಳಿದ್ದೇವೆ. ನಿನ್ನೆ ಬರಬೇಕಿತ್ತು, ಬಂದಿಲ್ಲ.

ಇಂದು ಬೆಳಿಗ್ಗೆ ಫೋನ್ ಮಾಡಿದೆ. ಸೊಸೆ ಎತ್ತಿದಳು. ಟಾಕಿ ಇಳಿದಂದಿನಿಂದ ಅಕ್ಕ ಅವಳನ್ನು ಬಚ್ಚಲಿಗೆ ಬಿಟ್ಟುಕೊಂಡಿಲ್ಲ. ಒದ್ದೆ ಬಟ್ಟೆಯಿಂದ, ಎಡಗೈಯಲ್ಲೇ ಮೈ ಒರೆಸಿಕೊಳ್ಳುತ್ತಾಳೆ.