ಮುಂದಕ್ಕೆ ಓಡಿಸಿದ ದೃಶ್ಯ

'ಆ ಹೆಂಗಸು ಅಷ್ಟು ಹೇಳಿದ ಮೇಲೂ ಅವನು ಅಲ್ಲೇ ಉಳಿದನಲ್ಲ' ಎಂದೋ ಏನೋ ನನ್ನ ಹೆಂಡತಿ ಶಾರದಾ ಅಂದಿದ್ದಳು, ಕೆಲವು ವರ್ಷಗಳ ಹಿಂದೆ ಥಿಯೇಟರಿನಲ್ಲಿ ಸಿನಿಮಾ ಮುಗಿದು ಕಾರಿನತ್ತ ನಡೆಯುವಾಗ. ಆ ಹೆಂಗಸು ಹೇಳಿದ್ದೇನೆಂದು ನನಗೆ ಗೊತ್ತಿರಲಿಲ್ಲ. ತೆರೆಯ ಮೇಲೆ ಆ ದೃಶ್ಯ ಬಂದ ಹೊತ್ತಿಗೆ ನಾನು ಪಾರ್ಕಿಂಗ್ ಮೀಟರಿಗೆ ನಾಣ್ಯ ಹಾಕಲು ಹೊರಗೆ ಹೋಗಿದ್ದೆ. ಗೊತ್ತಿದ್ದವನಂತೆ ತಲೆಯಾಡಿಸಿದೆ.

ಗೆಳೆಯರೇ, ಇವತ್ತು ಮಧ್ಯಾಹ್ನ ಮೌಂಟನ್ ವ್ಯೂ ಊರಿನ ತಮ್ಮ ಮನೆಯಲ್ಲಿ ನನ್ನ ಪರಿಚಯದ ನಾಗರಾಜ್ ಹೊಸ ವಿಸಿಆರ್‌ನಲ್ಲಿ ಅದೇ ಸಿನಿಮಾ ಹಾಕಿದ್ದರು. ಕೌಬಾಯ್ ಕಾಲದ ಕಥೆ. ರೈಲು ಬರುತ್ತದೆಂದು ನಂಬಿ ಒಬ್ಬ ಬಯಲಿನಲ್ಲಿ ಹೋಟೆಲು ಕಟ್ಟುತ್ತಾನೆ. ರೈಲು ಬರುವುದಿಲ್ಲ. ಅವನು ಪ್ರೀತಿಸಿದ ಹೆಂಗಸು ಊರು ಬಿಡುವ ಮುನ್ನ ಅವನ ಬಾಗಿಲಿಗೆ ಬಂದು ನಿಂತಳು. ನಾನು ಮುಂದಕ್ಕೆ ಬಾಗಿದೆ. ಸೋಫಾದ ಮೇಲೆ ನಾಗರಾಜರ ಅತ್ತೆ, ಕೆಳಗೆ ಮಕ್ಕಳು. ಕಿಸ್ಸಿಂಗು ಬಂದೀತೆಂದು ನಾಗರಾಜ್ ರಿಮೋಟು ಒತ್ತಿ ಟೇಪನ್ನು ಮುಂದಕ್ಕೆ ಓಡಿಸಿದರು. ಅವಳ ತುಟಿಗಳು ಪಟಪಟನೆ ಆಡಿದವು, ಕುದುರೆಗಾಡಿ ಓಡಿಹೋಯಿತು.

"ಸ್ವಲ್ಪ ಹಿಂದಕ್ಕೆ ಹಾಕ್ತೀರಾ?" ಎಂದೆ.

"ಏನ್ ಸಾರ್, ಈ ವಯಸ್ಸಲ್ಲಿ!" ಎಂದರು ನಾಗರಾಜ್. ಎಲ್ಲರೂ ನಕ್ಕರು.

"ಬಿಡ್ರಪ್ಪ, ಪಾಪ, ಒಬ್ಬರೇ ಇರ್ತಾರೆ," ಎಂದರು ಅತ್ತೆ.

ನಾನೂ ನಕ್ಕೆ. ಕೊನೆಯಲ್ಲಿ ಅವನು ಖಾಲಿ ಹೋಟೆಲಿನಲ್ಲಿ ಚಳಿಗೆ ಸತ್ತ.

"ಅವಳ ಜೊತೆ ಹೋಗೋದು ಬಿಟ್ಟು ಯಾಕ್ ಸಾರ್ ಕೂತ ಇವ್ನು?" ನಾಗರಾಜ್ ನನ್ನನ್ನೇ ಕೇಳಿದರು. ಅಭ್ಯಾಸಬಲದಿಂದ ಈ ಸಲವೂ ಗೊತ್ತಿದ್ದವನಂತೆ ತಲೆಯಾಡಿಸಿದೆ.

ಶಾರದಾ, ನೀನು ಮನೆ ಬಿಟ್ಟು ಹೋಗಿ ಎರಡು ವರ್ಷವಾಯಿತು. ಬಾಗಿಲಲ್ಲಿ ನಿಂತು ಅವಳು ಅವನಿಗೆ ಏನು ಹೇಳಿದಳು?