ಮೋಡೆಮ್ಮಿನ ಚಿಲಕ

ನನಗೆ ಐವತ್ತು ದಾಟಿದೆ. ಗುಬ್ಬಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸಮಾನತೆಯ ಹಕ್ಕು, ಸ್ವಾತಂತ್ರ್ಯದ ಹಕ್ಕು ಎಲ್ಲ ನನ್ನ ಪಾಠಗಳೇ. ಹೀಗಿದ್ದೂ ರಾತ್ರಿ ಒಂಬತ್ತೂವರೆ ಆಗುತ್ತಲೇ ನನ್ನ ಮನೆಯ ಇಂಟರ್‌ನೆಟ್ಟು ಹಾಸ್ಟೆಲಿನ ದೀಪದ ಹಾಗೆ ಆರಿಹೋಗುತ್ತಿತ್ತು. ಆರಿಸುತ್ತಿದ್ದವರು ನನ್ನ ಭಾವ, ಅಂದರೆ ತೀರಿಹೋದ ನಮ್ಮ ಯಜಮಾನರ ಅಣ್ಣ. ಈ ವಿಷಯ ನನ್ನ ಒಂಬತ್ತನೆಯ ಕ್ಲಾಸಿನ ಮಕ್ಕಳಿಗೆ ಗೊತ್ತಾದರೆ ಮೂಲಭೂತ ಹಕ್ಕುಗಳ ಪಾಠದಲ್ಲಿ ನಾನು ತಲೆಯೆತ್ತುವ ಹಾಗಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ನಮ್ಮದು ಒಂದು ಕಟ್ಟಡ, ಎರಡು ಒಲೆ. ಕೆಳಗೆ ಭಾವನವರ ಸಂಸಾರ, ಮಹಡಿಯಲ್ಲಿ ನಾನೊಬ್ಬಳು. ಸಂಪು, ಮೋಟರು, ಗೇಟುಗಳ ಹಾಗೆ ಇಂಟರ್‌ನೆಟ್ಟೂ ಇಬ್ಬರಿಗೂ ಸೇರಿ ಒಂದೇ. ಬೀದಿಯ ಕಂಬದಿಂದ ಬಂದ ವೈರು ಮೊದಲು ಸೇರುವ ಪೆಟ್ಟಿಗೆ, ಅದೇ ಮೋಡೆಮ್ಮು, ಕೆಳಮನೆಯ ಹಾಲಿನಲ್ಲಿದೆ. ಅದರ ವೈಫೈ ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಅದಕ್ಕೇ ನಾನೊಂದು ರೌಟರ್ ಕೊಂಡು, ಕೆಳಗಿನಿಂದ ವೈರೆಳೆಸಿ, ಮಹಡಿಯಲ್ಲಿ ನನ್ನದೇ ವೈಫೈ ಮಾಡಿಕೊಂಡೆ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಭಾವನವರು ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಕಡತಗಳಿಲ್ಲದ ಬೇಸರಕ್ಕೆ ಅವರು ಮೋಡೆಮ್ಮಿನ ಸೆಟ್ಟಿಂಗ್ಸ್ ಪುಟವನ್ನು ಹಿಡಿದುಕೊಂಡಿದ್ದರು. ಮನೆಯಲ್ಲಿ ಯಾರ ಫೋನು ಎಷ್ಟು ಹೊತ್ತಿಗೆ ನೆಟ್ಟಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು, ಎಲ್ಲ ಅಲ್ಲಿ ಕಾಣುತ್ತದಂತೆ. ನನ್ನ ಫೋನೂ ಕಾಣುತ್ತಿತ್ತು. ರೌಟರ್ ಬಂದ ಮೇಲೆ ಕಾಣುವುದು ನಿಂತಿತು. ರೌಟರಿನ ಹಿಂದೆ ಎಷ್ಟು ಫೋನಿದ್ದರೂ ಮೋಡೆಮ್ಮಿನ ಕಣ್ಣಿಗೆ ಬೀಳುವುದು ರೌಟರ್ ಒಂದೇ. ಆ ಸಾಧನದ ಈ ಗುಣ ಕೊಳ್ಳುವಾಗ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಇನ್ನೂ ಮೊದಲೇ ಕೊಳ್ಳುತ್ತಿದ್ದೆ. ಕಾಣದೆ ಹೋದದ್ದು ಭಾವನವರಿಗೆ ತಡೆಯಲಾಗಲಿಲ್ಲ. ಒಳಗೇನು ನಡೆಯುತ್ತದೆಂದು ತಿಳಿಯದ ಮೇಲೆ ಹೊರಗಿನಿಂದ ಬಾಗಿಲು ಹಾಕುವುದೇ ವಾಸಿ ಎಂದುಕೊಂಡು, ಒಂಬತ್ತೂವರೆಯ ಮೇಲೆ ನನ್ನ ರೌಟರಿಗೆ ನೆಟ್ಟೇ ಹೋಗದಂತೆ ಮೋಡೆಮ್ಮಿನಲ್ಲಿ ಸಮಯ ಕಟ್ಟಿಟ್ಟರು.

ಇತಿಹಾಸ ಹೇಳುವವಳ ಚಟ, ಸ್ವಲ್ಪ ಸಹಿಸಿಕೊಳ್ಳಿ. ಊರ್ಡಿಗೆರೆಯ ಕಡೆ ಇದ್ದ ನಮ್ಮ ಮಾವನವರ ಹಳೆಯ ಮನೆಗೆ ಹೆಬ್ಬಾಗಿಲಿತ್ತು, ಅದಕ್ಕೆ ತೋಳಿನಷ್ಟು ದಪ್ಪದ ಅಗಳಿ. ರಾತ್ರಿ ಊಟವಾದ ಮೇಲೆ ಮಾವನವರೇ ಎದ್ದು ಹಾಕುತ್ತಿದ್ದರು. ಆದರೆ ಅಗಳಿ ಇದ್ದದ್ದು ಬಾಗಿಲಿನ ಒಳಗಡೆ. ಮನುಷ್ಯರಿರುವ ಮನೆಗೆ ಬಾಗಿಲು ಹಾಕುವುದು ಒಳಗಿನಿಂದ. ಹೊರಗಿನಿಂದ ಚಿಲಕ ಹಾಕುತ್ತಿದ್ದದ್ದು ದನದ ಕೊಟ್ಟಿಗೆಗೆ. ನಾಗರಿಕತೆ ಮುಂದುವರಿದು ಈಗ ಎಂ.ಎ. ಓದಿದ ಹೆಂಗಸಿಗೂ ಆ ಸೌಕರ್ಯ ಸಿಕ್ಕಿದೆ.

ಒಂಬತ್ತೂವರೆಯ ಮೇಲೆ ನನಗೇನು ಕೆಲಸ ಎಂದು ನೀವೂ ಕೇಳುತ್ತೀರಿ. ಕುಣಿಗಲ್‌ನಲ್ಲಿ ನಮ್ಮಕ್ಕ ಇದ್ದಾಳೆ. ಹೋದ ವರ್ಷ ಲಕ್ವ ಹೊಡೆದು ಮಾತು ಹೋಯಿತು. ಕೈಕಾಲು ಹೇಗೋ ಸುಧಾರಿಸಿತು, ಬಾಯಿ ಬರಲಿಲ್ಲ. ಮುಖ ನೋಡಿಕೊಂಡು, ತುಟಿ ಕಾಣುವ ಹಾಗೆ, ದಿನಾ ಒಂದೊಂದು ಮಾತು ಹೇಳಿಸಿ ಎಂದರು ಡಾಕ್ಟರು. ಅವಳ ಸೊಸೆ ಕೆಲಸ ಮುಗಿಸಿ ಮನೆಗೆ ಬಂದು, ಅಡುಗೆ ಮಾಡಿ, ಉಣಿಸಿ, ಫೋನು ಹಿಡಿದು ಅಕ್ಕನ ಮುಂದೆ ಕೂರುವ ಹೊತ್ತಿಗೆ ಒಂಬತ್ತೂವರೆ ಆಗಿರುತ್ತದೆ. ಆಗ ನಾನು ಇಲ್ಲಿಂದ ಬಾಯಿ ಅಗಲಿಸಿ ‘ರಾಗಿ’ ಅನ್ನುತ್ತೇನೆ, ಅವಳು ಅಲ್ಲಿಂದ ನನ್ನ ತುಟಿ ನೋಡಿಕೊಂಡು ಪ್ರಯತ್ನ ಪಡುತ್ತಾಳೆ. ನನಗೆ ಅ ಆ ಇ ಈ ತಿದ್ದಿಸಿದವಳು ಅವಳೇ. ನಾಲ್ಕು ತಿಂಗಳಲ್ಲಿ ‘ರಾಗಿ’ ಬಂತು, ‘ನೀರು’ ಬಂತು, ಮನೆಯ ಮುಂದೆ ಕಾಣುವ ‘ಕೆರೆ’ ಬಂತು. ಆಮೇಲೆ ಚಿಲಕ ಬಿತ್ತು.

ಮೊಬೈಲ್ ಡೇಟಾ ಇಲ್ಲವೇ? ಇದೆ. ನಮ್ಮ ಕೋಣೆಯೊಳಗೆ ಅದು ಕುಂಟುತ್ತದೆ, ಅಕ್ಕನ ಮುಖ ಚೂರುಚೂರಾಗಿ ನಿಂತುಬಿಡುತ್ತದೆ. ತುಟಿಯೇ ಕಾಣದ ಮೇಲೆ ಪಾಠವೆಲ್ಲಿ ಬಂತು? ಬಾಲ್ಕನಿಗೆ ಹೋದರೆ ಚೆನ್ನಾಗಿ ಸಿಗುತ್ತದೆ, ಆದರೆ ಅದರ ಕೆಳಗೇ ಭಾವನವರ ಕುರ್ಚಿ.

ಹೋಗಿ ಕೇಳಿದೆ. ಅಕ್ಕನ ವಿಷಯ ಪೂರ್ತಿ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ ಕೇಳಿಸಿಕೊಂಡರು.

“ಅಕ್ಕನ್ ಜೊತೆ ಹಗಲೊತ್ತು ಮಾತಾಡಕ್ಕಾಗಲ್ವೇನಮ್ಮ?” ಅಂದರು. “ಒಂಟಿ ಹೆಂಗ್ಸು, ರಾತ್ರಿವೊತ್ತು ಫೋನಲ್ಲಿ ಗುಸುಗುಸು ಅಂತಿದ್ರೆ ಅಕ್ಕಪಕ್ಕದೋರು ಏನಂದ್ಕೋತಾರೆ? ನಿನ್ ಒಳ್ಳೇದಕ್ಕೇ ಹೇಳ್ತಿರೋದು.”

ನನಗೆ ಮೈ ಉರಿದುಹೋಯಿತು. ನಾನು ಹೇಳಿದ್ದನ್ನು ಅವರು ನಂಬಿರಲಿಲ್ಲ. ಅಕ್ಕನನ್ನು ನಾನು ಸೃಷ್ಟಿ ಮಾಡಿಕೊಂಡಿದ್ದೇನೆ ಎನ್ನುವ ಹಾಗಿತ್ತು ಆ ಧ್ವನಿ. ನಾನು ಮದುವೆಯಾಗಿ ಬಂದಾಗಿನಿಂದ ಅಕ್ಕನನ್ನು ಅವರೂ ಎಷ್ಟು ಸಲ ನೋಡಿದ್ದಾರೆ, ಅವಳ ಕೈಯಡುಗೆ ಉಂಡಿದ್ದಾರೆ. ಮೇಲೆ ಬಂದೆ. ಮೂರು ವಾರ ಪಾಠ ತಪ್ಪಿತು. ಒಂದು ಭಾನುವಾರ ಕುಣಿಗಲ್ಲಿಗೆ ಹೋದರೆ, ‘ಕೆರೆ’ ಅನ್ನುತ್ತಿದ್ದವಳು ‘ಕೆ’ ಅಂದು ನಿಂತಳು. ಮುಂದಿನದು ಬರಲಿಲ್ಲ. ಅವಳಿಗೇ ನಾಚಿಕೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾಪಸು ಬರುವ ಬಸ್ಸಿನಲ್ಲಿ ಕೂತು ಮೋಡೆಮ್ಮಿನೊಳಕ್ಕೆ ನುಗ್ಗುವುದೆಂದು ತೀರ್ಮಾನಿಸಿದೆ.

ನುಗ್ಗುವುದು ಸುಲಭ ಎಂದು ಯೂಟ್ಯೂಬಿನಲ್ಲಿ ಒಬ್ಬ ನಗುನಗುತ್ತ ಹೇಳಿದ. ಬ್ರೌಸರಿನಲ್ಲಿ ಒಂದು ನಂಬರು ಹಾಕಿದರೆ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಹಾಕಿದೆ, ತೆರೆಯಿತು. ವಾರವೆಲ್ಲ ಆ ಪುಟದ ಮೂಲೆಮೂಲೆ ಕೆದಕಿದೆ. ಒಂಬತ್ತೂವರೆ ಎಲ್ಲೂ ಸಿಗಲಿಲ್ಲ. ಒಂದು ದಿನ ಏನನ್ನೋ ಒತ್ತಿ ವೈಫೈಯೇ ನಿಂತುಹೋಯಿತು. ಭಾವನವರು ರಾತ್ರಿ ಮಾಡುವ ಕೆಲಸವನ್ನು ನಾನು ಸಂಜೆಗೇ ಮುಗಿಸಿದ್ದೆ.

ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ನಾಗರತ್ನ ದಿನಾ ನನ್ನ ಜೊತೆ ಗುಬ್ಬಿ ಬಸ್ಸಿಗೆ ಬರುವವರು. ಅವರ ಹತ್ತಿರ ಹೇಳಿಕೊಂಡಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೀವು ನಿಮ್ಮನೆ ಬಾಗ್ಲನ್ನೇ ತಟ್ತಾ ಇದೀರ ಮೇಡಂ. ಅದು ನಿಮ್ ರೌಟರ್‌ದು. ಮೋಡೆಮ್ಮಿನ ನಂಬರೇ ಬೇರೆ.” ರೌಟರಿನ ಪುಟದಲ್ಲೇ, ತನಗೆ ನೆಟ್ಟು ಎಲ್ಲಿಂದ ಬರುತ್ತದೆ ಎಂಬ ಕಡೆ ಅದು ಬರೆದಿರುತ್ತದಂತೆ. ಹೋಗಿ ನೋಡಿದೆ. ಇತ್ತು. ಎರಡೂ ನಂಬರು ಅವಳಿಜವಳಿಯಂತೆ ಒಂದೇ ಥರ, ಮೂರನೆಯ ಜಾಗದಲ್ಲಿ ಮಾತ್ರ ವ್ಯತ್ಯಾಸ. ನನ್ನದು ಸೊನ್ನೆ, ಭಾವನವರದು ಒಂದು. ಯಂತ್ರಕ್ಕೂ ನಮ್ಮ ಮನೆಯ ವ್ಯವಹಾರ ತಿಳಿದುಹೋಗಿದೆ ಎಂದುಕೊಂಡೆ.

ಇಲ್ಲಿ ಇನ್ನೊಂದು ಸಂಗತಿ ನಾಗರತ್ನ ಹೇಳಿದರು: ಮೇಲಿನವಳಾದ ನಾನು ರೌಟರಿನ ಹಿಂದಿನಿಂದ ಕೆಳಗಿನ ಮೋಡೆಮ್ಮನ್ನು ನೋಡಬಹುದು, ಕೆಳಗಿನವರು ಮೋಡೆಮ್ಮಿನಿಂದ ನನ್ನ ಮನೆಯೊಳಗೆ ನೋಡುವ ಹಾಗಿಲ್ಲ. ಸೊಸೆಯಾಗಿ ಈ ಮನೆಗೆ ಬಂದ ಮೇಲೆ ಇಂಥ ಅನುಕೂಲ ನನಗೆ ಸಿಕ್ಕಿದ್ದು ಇದೇ ಮೊದಲು.

ಭಾನುವಾರ ಬೆಳಗ್ಗೆ, ಕೆಳಗಿನವರೆಲ್ಲ ನೆಂಟರ ಮನೆಗೆ ಹೋದಾಗ, ಆ ಒಂದನ್ನು ಹಾಕಿ ನೋಡಿದೆ. ಮೋಡೆಮ್ಮಿನ ಪುಟ ಬಂತು. ಪಾಸ್‌ವರ್ಡ್ ಕೇಳಿತು. ನಮ್ಮ ಸೀಮೆಯಲ್ಲಿ ಪಾಸ್‌ವರ್ಡು ಒಂದು ರಹಸ್ಯವೇ ಅಲ್ಲ. ಮನೆದೇವರ ಹೆಸರು, ಅದರ ಹಿಂದೆ ಒಂದು ಎರಡು ಮೂರು. ನಮ್ಮ ಶಾಲೆಯ ಕಂಪ್ಯೂಟರಿಗೂ ಅದೇ, ಅಕ್ಕನ ಸೊಸೆಯ ಫೋನಿಗೂ ಅದೇ. ದೇವರು ಕಾಯುತ್ತಾನೆಂಬ ನಂಬಿಕೆಯನ್ನು ನಾವು ಇಷ್ಟು ಅಕ್ಷರಶಃ ತೆಗೆದುಕೊಂಡಿದ್ದೇವೆ. ನಮ್ಮ ಮನೆದೇವರು ವೀರಭದ್ರ. ಹಾಕಿದೆ, ತೆರೆಯಲಿಲ್ಲ. ಅತ್ತೆಯವರ ಹೆಸರು ಹಾಕಿದೆ, ಇಲ್ಲ. ಭಾವನವರ ಮಗಳ ಹೆಸರೂ ಆಗಲಿಲ್ಲ. ಸ್ವಲ್ಪ ಹೊತ್ತು ಕಾಯಿರಿ ಎಂದು ಪುಟವೇ ಗದರಿಸಿತು.

ಕಾಯುತ್ತ ಕೂತಾಗ ನನ್ನ ಕೆಟ್ಟ ಬುದ್ಧಿ ಓಡಿತು. ನನ್ನನ್ನು ಹೊರಗಿಡಲು ಹಾಕಿದ ಬೀಗವಾದರೆ, ನಾನು ಮುಟ್ಟದ ಹೆಸರನ್ನೇ ಇಟ್ಟಿರುತ್ತಾರೆ. ನಾನು ಮುಟ್ಟದ ಹೆಸರು ಒಂದೇ, ನಮ್ಮ ಯಜಮಾನರದು. ಗಂಡನ ಹೆಸರು ಹೇಳಬಾರದೆಂದು ಅವ್ವ ಹೇಳಿಕೊಟ್ಟದ್ದು ನಾಲಗೆಗೆ ಅಂಟಿಬಿಟ್ಟಿದೆ. ಅವರದು ದೇವರ ಹೆಸರಾದ್ದರಿಂದ ಆ ದೇವರನ್ನೂ ಹೆಸರು ಹಿಡಿದು ಕರೆದವಳಲ್ಲ. ಅದೇ ಹೆಸರಿನ ಹುಡುಗನೊಬ್ಬ ಕ್ಲಾಸಿಗೆ ಬಂದಾಗ ವರ್ಷವೆಲ್ಲ ಹಾಜರಿಯಲ್ಲಿ ಅವನನ್ನು ನಂಬರಿನಿಂದ ಕೂಗಿದ್ದೇನೆ. ಸಂವಿಧಾನ ಬೋಧಿಸುವ ಹೆಂಗಸು ನಾನು, ನೆನಪಿರಲಿ.

ಒಂದೊಂದೇ ಅಕ್ಷರ ಒತ್ತಿದೆ, ಹಿಂದೆ ಒಂದು ಎರಡು ಮೂರು. ಬಾಗಿಲು ತೆರೆಯಿತು.

ಒಂಬತ್ತೂವರೆಯ ನಿಯಮ ಕಣ್ಣೆದುರೇ ಇತ್ತು. ಅಳಿಸಿ ಹಾಕಿದೆ. ಗೆದ್ದ ಸಂತೋಷ ಬರಲಿಲ್ಲ, ಸಿಟ್ಟು ದುಪ್ಪಟ್ಟಾಯಿತು. ಹೆಂಡತಿಗೆ ಹಾಕುವ ಬೀಗಕ್ಕೆ ಗಂಡನ ಹೆಸರನ್ನೇ ಕೀಲಿ ಮಾಡುವಷ್ಟು ಲೆಕ್ಕಾಚಾರದ ಮನುಷ್ಯ! ಅವತ್ತು ರಾತ್ರಿ ಅಕ್ಕನಿಗೆ ಪಾಠ ಹೇಳುವಾಗಲೂ ಮನಸ್ಸಿನಲ್ಲಿ ಅವರನ್ನು ಬೈಯುತ್ತಲೇ ಇದ್ದೆ.

ಮಾರನೆಯ ಸಂಜೆ ಭಾವನವರು ಮೆಟ್ಟಿಲು ಹತ್ತಿ ಬಂದರು. ನಮ್ಮ ಯಜಮಾನರು ಹೋದ ಮೇಲೆ ಅವರು ಮಹಡಿಗೆ ಬಂದದ್ದೇ ಅಪರೂಪ. ಬಾಗಿಲಲ್ಲೇ ನಿಂತರು.

“ಒಳಕ್ಕೆ ಹೆಂಗೋದೆ?” ಅಂದರು.

ಈ ಮಾತಿಗೆ ನಾನು ಹಿಂದಿನ ದಿನದಿಂದ ಸಿದ್ಧವಾಗಿದ್ದೆ. “ನಂಜುಂಡ ಅಂತ ಹಾಕ್ದೆ, ಭಾವ,” ಅಂದೆ. ಜೀವಮಾನದಲ್ಲಿ ಮೊದಲ ಸಲ ಆ ಹೆಸರು ನನ್ನ ಬಾಯಿಂದ ಬಂತು, ಅದೂ ಹೊಡೆಯಲೆಂದು.

ಅವರು ಮೆಟ್ಟಿಲ ಕಂಬಿ ಹಿಡಿದುಕೊಂಡರು. ನನ್ನನ್ನು ನೋಡಲಿಲ್ಲ. ಹೇಳಿದರು: “ಈ ಮನೇಲಿ ಅವ್ನೆಸ್ರು ಯಾರೂ ಹೇಳಲ್ಲ ಕಣಮ್ಮ. ನೀನು ಹೇಳಂಗಿಲ್ಲ. ನಿಂಗೆ ನೋವಾಯ್ತದೆ ಅಂತ ನಾವೂ ಹೇಳಲ್ಲ. ಬರೆಯೋದಾದ್ರೂ ಬರೀವ ಅಂತ ಅದನ್ನ ಇಟ್ಕಂಡಿದ್ದೆ.”

ಹಾಗಾದರೆ ನನಗೇಕೆ ಚಿಲಕ ಹಾಕಿದಿರಿ ಎಂದು ಕೇಳಬೇಕಿತ್ತು. ಕೇಳುವಷ್ಟರಲ್ಲಿ ಅವರು ಇಳಿದುಹೋಗುತ್ತಿದ್ದರು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಅಕ್ಕ ಹೇಗಿದ್ದಾಳೆಂದು ಅವರು ಅವತ್ತೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.

ಚಿಲಕ ಮತ್ತೆ ಬೀಳಲಿಲ್ಲ. ಈಗ ನೆಟ್ಟು ರಾತ್ರಿಯಿಡೀ ಇರುತ್ತದೆ. ಅಕ್ಕ ಇನ್ನೂ ‘ಕೆ’ಯಲ್ಲೇ ನಿಂತಿದ್ದಾಳೆ, ಕಳೆದುಹೋದ ವಾರಗಳನ್ನು ಯಾವ ಸೆಟ್ಟಿಂಗ್ಸ್ ಪುಟವೂ ವಾಪಸು ಕೊಡುವುದಿಲ್ಲ. ಅದಕ್ಕಾಗಿ ಭಾವನವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಬಸ್ಸಿನಲ್ಲಿ ಗುಬ್ಬಿ ಬರುವ ತನಕ ಅವರನ್ನು ಮನಸಾರೆ ಬೈದುಕೊಂಡು ಹೋಗುತ್ತಿದ್ದೆನಲ್ಲ, ಅದರಲ್ಲೊಂದು ನೆಮ್ಮದಿಯಿತ್ತು. ಈಗ ಬೈಯಲು ಬಾಯಿ ತೆರೆದರೆ, ಮುದುಕರೊಬ್ಬರು ಕತ್ತಲ ಹಾಲಿನಲ್ಲಿ ಕನ್ನಡಕ ಏರಿಸಿಕೊಂಡು ತಮ್ಮನ ಹೆಸರಿನ ಅಕ್ಷರ ಹುಡುಕುತ್ತಿರುವುದು ಕಾಣುತ್ತದೆ. ಇಂಟರ್‌ನೆಟ್ಟು ಕೊಟ್ಟು ಆ ಒಂದು ಸುಖವನ್ನು ಅವರು ಕಿತ್ತುಕೊಂಡರು.